ಹಸಿರು ಅಂಗಿಯ ಚೂರುಗಳು

ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ರೀಲು ಅಂತ. ಆ ಅಡ್ಡಹೆಸರು ಇಟ್ಟವರು ಅಜ್ಜಿ. ಮಾತು ಕಲಿತಾಗಿನಿಂದ ಆ ಹುಡುಗಿ ಬಾಯಿ ಬಿಟ್ಟರೆ ಬರೀ ರೀಲು. ಶಾಲೆಯ ದಾರಿಯಲ್ಲಿ ಬೆಕ್ಕೊಂದು ತನ್ನ ಹತ್ತಿರ ಅಡ್ರೆಸ್ ಕೇಳಿತು, ಟೀಚರು ಕೂತಲ್ಲೇ ತೂಕಡಿಸಿ ಕನಸಿನಲ್ಲಿ ತನಗೆ ಪೂರ್ತಿ ಮಾರ್ಕ್ಸ್ ಕೊಟ್ಟರು, ಹೀಗೆ. ತಾಯಿ ದರ್ಜಿ ಕೆಲಸದವಳಾದ್ದರಿಂದ ಮನೆ ತುಂಬ ದಾರದ ರೀಲುಗಳು ಬೇರೆ ಇದ್ದವು. "ಮಿಕ್ಕ ರೀಲೆಲ್ಲ ಒಂದಲ್ಲ ಒಂದು ದಿನ ಮುಗಿಯುತ್ತೆ, ಇದು ಮುಗಿಯೋ ಜಾತಿಯಲ್ಲ," ಅಂತ ಅಪ್ಪ ನಗುತ್ತಿದ್ದ.

ಅಪ್ಪ ಸಿಟಿ ಬಸ್ಸಿನ ಡ್ರೈವರ್. ತಾಯಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಆಲ್ಟರೇಷನ್ ಅಂಗಡಿಯಲ್ಲಿ ಕೂರುತ್ತಿದ್ದಳು. ಪ್ಯಾಂಟು ಗಿಡ್ಡ ಮಾಡುವುದು, ದಪ್ಪಗಾದವರ ಬಟ್ಟೆ ಬಿಡಿಸಿ ಹೊಲಿಯುವುದು, ಹೋದ ಜಿಪ್ಪು ಹಾಕಿಕೊಡುವುದು. ಮೆಟ್ಟಿಲು ಹತ್ತಿ ಹೋಗಬೇಕಾದ ಎರಡು ಕೋಣೆಯ ಮನೆ ಅವರದು. ಮುಂದಿನ ಕೋಣೆಯ ಕಿಟಕಿಗೆ ಒತ್ತಿ ಹೊಲಿಗೆ ಮಿಷನ್ನು, ಹಿಂದಿನ ಕೋಣೆಯಲ್ಲಿ ಅಜ್ಜಿ ಮೊಮ್ಮಗಳ ಎರಡು ಮಂಚ. ಅಜ್ಜಿ ಅಂದರೆ ಡ್ರೈವರನ ತಾಯಿ, ದರ್ಜಿಯ ಅತ್ತೆ.

ಅತ್ತೆಗೆ ಕೌದಿ ಹೊಲಿಯುವ ಹುಚ್ಚು. ಸೊಸೆ ಅಂಗಡಿಯಿಂದ ಚೀಲದಲ್ಲಿ ತುಂಬಿಕೊಂಡು ಬರುವ ಕತ್ತರಿಸಿದ ಚೂರುಗಳೇ ಅವರಿಗೆ ಆಸ್ತಿ. "ಎಸೆಯೋ ಚೂರು ಅನ್ನೋದು ಯಾವುದೂ ಇಲ್ಲ. ಇನ್ನೂ ಜಾಗ ಸಿಗದ ಚೂರು ಇರುತ್ತೆ, ಅಷ್ಟೆ," ಅನ್ನುತ್ತಿದ್ದರು. ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡ ಒಂದು ತ್ರಿಕೋನ ಇತ್ತು. ಅದನ್ನು ಬಟ್ಟೆಯ ಮೇಲಿಟ್ಟು ಸೋಪಿನ ತುಂಡಿನಿಂದ ಗೆರೆ ಎಳೆದು, ಕತ್ತರಿಸಿ, ಬಣ್ಣದ್ದೊಂದು ಬಿಳಿಯದೊಂದು ಜೋಡಿಸಿ, ಎಂಟು ತ್ರಿಕೋನಕ್ಕೆ ಒಂದು ಚೌಕ. ಎಲ್ಲ ಚೂಪು ಮೂಲೆಗಳೂ ನಡುವೆ ಒಂದೇ ಬಿಂದುವಿನಲ್ಲಿ ಬಂದು ಕೂರಬೇಕು. ಕೂತರೆ ಚೌಕ ಸಪಾಟಾಗಿ ಮಲಗುತ್ತದೆ. ಒಂದು ಎಳೆಯಷ್ಟು ಆಚೀಚೆ ಆದರೂ ನಡು ಗುಳ್ಳೆಯ ಹಾಗೆ ಉಬ್ಬುತ್ತದೆ. ಅತ್ತೆಯ ಚೌಕಗಳು ಮಲಗುತ್ತಿದ್ದವು. ಎಲ್ಲ ಕೈಯಲ್ಲೇ. ಮಿಷನ್ನಿಗೆ ಕೌದಿ ಅರ್ಥವಾಗುವುದಿಲ್ಲ ಅನ್ನುವುದು ಅವರ ವಾದ.

ರೀಲು ಓದು ಮುಗಿಸಿ ಒಂದು ಚಪ್ಪಲಿ ಅಂಗಡಿಗೆ ಕೆಲಸಕ್ಕೆ ಸೇರಿದಳು. ಅಲ್ಲಿ ಹುಡುಗಿಯರಿಗೆಲ್ಲ ಕಂದು ಬಣ್ಣದ ಸ್ಕರ್ಟು, ಬಿಳಿ ಶರ್ಟು. ಆ ಸ್ಕರ್ಟಿಗೆ ಜೇಬಿರಲಿಲ್ಲ. ಬಸ್ಸಿನಲ್ಲಿ ಪರ್ಸು ಹೊಡೆಯುವವರು ಜಾಸ್ತಿ ಅಂತ ತಾಯಿ ಸೊಂಟದ ಪಟ್ಟಿಯ ಒಳಗಡೆ ಕಾಣದ ಹಾಗೆ ಒಂದು ಪುಟ್ಟ ಜೇಬು ಹೊಲಿದುಕೊಟ್ಟಳು. ಅದಕ್ಕೆ ಹಾಕಿದ್ದು ಮಗಳಿಗೇ ಹೊಲಿದ ಹಸಿರು ಅಂಗಿಯಲ್ಲಿ ಉಳಿದ ಚೂರು. ಸಣ್ಣ ಬಿಳಿ ಚುಕ್ಕೆಯ ಹಸಿರು ಬಟ್ಟೆ, ಮೊಳಕಾಲು ಮುಟ್ಟುವ ಅಂಗಿ. ರಜೆ ಬಂತೆಂದರೆ ರೀಲುವಿನ ಮೈಮೇಲೆ ಅದೇ.

ಒಂದು ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ರೀಲು ಜೊತೆಯ ಹುಡುಗಿಯರಿಗೆ "ಈಗ ಬಂದೆ" ಅಂತ ಹೇಳಿ ಅಂಗಡಿಯಿಂದ ಹೊರಗೆ ಹೋದಳು. ವಾಪಸ್ಸು ಬರಲಿಲ್ಲ.

ಪೊಲೀಸರು ಬರೆದುಕೊಂಡರು. ಎತ್ತರ, ಬಣ್ಣ, ಕುತ್ತಿಗೆಯ ಮಚ್ಚೆ, ಕಂದು ಸ್ಕರ್ಟು, ಬಿಳಿ ಶರ್ಟು. "ಹುಡುಗಿ ವಯಸ್ಸಿಗೆ ಬಂದವಳು, ಇಷ್ಟ ಬಂದವರ ಜೊತೆ ಹೋಗಿರಬಹುದು," ಅಂದರು. ಒಳಗಿನ ಜೇಬಿನ ಮಾತು ತಾಯಿಗೆ ಆಗ ನೆನಪಾಗಲಿಲ್ಲ. ಕಣ್ಣಿಗೆ ಕಾಣುವುದನ್ನಷ್ಟೇ ಅವರು ಕೇಳಿದ್ದು.

ಆಮೇಲಿನದು ಹುಡುಕಾಟ. ಅಪ್ಪ ಬಸ್ಸು ಓಡಿಸುತ್ತಲೇ ಪ್ರತಿ ಸ್ಟಾಪಿನಲ್ಲೂ ನಿಂತವರ ಮುಖ ನೋಡುತ್ತಿದ್ದ. ಬಾಗಿಲು ಮುಚ್ಚುವುದು ತಡವಾಗಿ ಪ್ರಯಾಣಿಕರು ಬೈಯುತ್ತಿದ್ದರು. ತಾಯಿ ಮುಖ ನೋಡುತ್ತಿರಲಿಲ್ಲ, ಬೆನ್ನು ನೋಡುತ್ತಿದ್ದಳು. ಮಗಳ ಭುಜದ ಅಳತೆ ಅವಳ ಕೈಗೆ ಗೊತ್ತಿತ್ತು. ರಸ್ತೆಯಲ್ಲಿ ಆ ಅಳತೆಯ ಬೆನ್ನು ಕಂಡರೆ ಹಿಂದೆ ಹಿಂದೆ ಹೋಗುತ್ತಿದ್ದಳು, ಆ ಹೆಣ್ಣು ತಿರುಗುವ ತನಕ. ಹೀಗೆ ವರ್ಷ ಮೂರು ಕಳೆಯಿತು. ಭಾನುವಾರ ಬಂದರೆ ಬೀರು ತೆಗೆದು ಮಗಳ ಬಟ್ಟೆಗಳನ್ನೆಲ್ಲ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ತೂಗುಹಾಕುವುದು ಅವಳ ನೇಮವಾಗಿತ್ತು. ಬಂದ ದಿನ ಮುಗ್ಗುಲು ವಾಸನೆಯ ಬಟ್ಟೆ ಹಾಕಿಕೊಳ್ಳಬಾರದು, ಅಷ್ಟೆ.

ಅಂಥದ್ದೇ ಒಂದು ಭಾನುವಾರ ಬೀರು ತೆಗೆದರೆ ಹಸಿರು ಅಂಗಿಯ ಹ್ಯಾಂಗರು ಖಾಲಿ.

ಅತ್ತೆ ಕಿಟಕಿಯ ಬೆಳಕಿಗೆ ಕೂತು ಹೊಲಿಯುತ್ತಿದ್ದರು. ಮಡಿಲಲ್ಲಿ ಹಸಿರು ತ್ರಿಕೋನಗಳು ಎಲೆ ಉದುರಿದ ಹಾಗೆ ಬಿದ್ದಿದ್ದವು. ಮೂರೋ ನಾಲ್ಕೋ ಚೌಕ ಮುಗಿದು ಪಕ್ಕದಲ್ಲಿದ್ದವು.

"ಅತ್ತೆ, ಇದು ಯಾವ ಬಟ್ಟೆ?"

"ಗೊತ್ತಿದ್ದೂ ಯಾಕೆ ಕೇಳ್ತೀಯ?" ಅತ್ತೆ ಸೂಜಿ ನಿಲ್ಲಿಸಲಿಲ್ಲ. "ಮಡಿಕೆ ಮಡಿಕೆಯಲ್ಲೇ ಹರೀತಾ ಬಂದಿತ್ತು. ತೊಡೋರಿಲ್ಲ, ಒಗೆಯೋದು ತಪ್ಪಲಿಲ್ಲ. ನೀನು ಒಗೆದು ಒಗೆದೇ ಅದನ್ನ ಸವೆಸಿಬಿಟ್ಟೆ."

"ಅವಳು ಬಂದು ಕೇಳಿದ್ರೆ ನಾನು ಏನು ಕೊಡ್ಲಿ?"

ಅತ್ತೆ ಈಗ ಕೈ ನಿಲ್ಲಿಸಿದರು. "ಅವಳು ಬರಲ್ಲ ಮಗಳೇ. ನೀನು ಹೇಳಲ್ಲ, ಅವನು ಹೇಳಲ್ಲ. ಒಬ್ಬರಾದ್ರೂ ಬಾಯಿ ಬಿಟ್ಟು ಹೇಳಬೇಕಲ್ಲ. ಮೂರು ವರ್ಷದಿಂದ ನನ್ನ ಪಕ್ಕದ ಮಂಚ ಖಾಲಿ. ನಾನು ಒಂದು ದಿನ ಅತ್ತಿಲ್ಲ, ನಿಮ್ಮಿಬ್ಬರ ಹೆದರಿಕೆಗೆ. ಅತ್ತರೆ ಅವಳು ಹೋದಳು ಅಂತ ಆಗಿಬಿಡುತ್ತೆ ಅಂತ. ನನಗೂ ವಯಸ್ಸಾಯ್ತು. ಹೋಗೋ ಮುಂಚೆ ಒಂದಷ್ಟು ದಿನ ಅವಳನ್ನ ಮೈಮೇಲೆ ಹೊದ್ದುಕೊಂಡು ಮಲಗಬೇಕು ಅನ್ನಿಸ್ತು."

ಸೊಸೆ ಧ್ವನಿ ಏರಿಸಲಿಲ್ಲ. ನೆಲದಲ್ಲಿ ಕೂತು ಚೂರುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಇದು ಹೆಗಲಿನದು, ಇದು ಬೆನ್ನಿನದು, ಇದು ತೋಳು. "ಇಷ್ಟು ದಿನ ಅವಳನ್ನ ಯಾರೂ ಕೊಂದಿರಲಿಲ್ಲ," ಅಂದಳು. "ನೀವು ಕೊಂದ್ರಿ."

ಅತ್ತೆ ಚೂರು, ಚೌಕ ಎಲ್ಲವನ್ನೂ ಒಂದು ದಿಂಬಿನ ಚೀಲಕ್ಕೆ ತುಂಬಿ ತಲೆಯಡಿ ಇಟ್ಟುಕೊಂಡರು. ಅಂದಿನಿಂದ ಆ ಮನೆಯಲ್ಲಿ ಇಬ್ಬರು ಹೆಂಗಸರ ಮಾತು ನಿಂತಿತು. ಸೊಸೆ ಹೊತ್ತು ಹೊತ್ತಿಗೆ ಊಟ ತಂದಿಡುತ್ತಿದ್ದಳು, ಮಾತ್ರೆ ಕೊಡುತ್ತಿದ್ದಳು, ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಮಾತೊಂದು ಮಾತ್ರ ಇಲ್ಲ. ಗಂಡ ಇಬ್ಬರ ನಡುವೆ ಸಿಕ್ಕಿಕೊಂಡು, "ಅಮ್ಮನಿಗೆ ಚಹಾ ಬೇಕಂತೆ," "ಅವಳು ಅಂಗಡಿಗೆ ಹೋಗ್ತಾಳಂತೆ," ಅಂತ ಪೋಸ್ಟ್‌ಮ್ಯಾನ್ ಕೆಲಸ ಮಾಡಿದ.

ಚಳಿಗಾಲದ ಮೊದಲಲ್ಲಿ ಸ್ಟೇಷನ್ನಿನಿಂದ ಫೋನು ಬಂತು. ಊರಾಚೆಯ ಹಳೆಯ ಕಲ್ಲುಗಣಿಯಲ್ಲಿ ನಿಂತಿದ್ದ ನೀರನ್ನು ಪಂಪು ಹಚ್ಚಿ ತೆಗೆಸುವಾಗ ಹೆಂಗಸೊಬ್ಬಳ ಮೂಳೆಗಳು ಸಿಕ್ಕಿವೆ, ಜೊತೆಗೆ ಬಟ್ಟೆ. ಕಾಣೆಯಾದವರ ಮನೆಯವರನ್ನೆಲ್ಲ ಕರೆಸಿ ತೋರಿಸುತ್ತಿದ್ದಾರೆ, ನೀವೂ ಬನ್ನಿ.

ಗಂಡ ಹೆಂಡತಿ ಇಬ್ಬರೂ ಹೋದರು. ಟ್ಯೂಬ್‌ಲೈಟ್ ಹಾಕಿದ ಉದ್ದನೆಯ ಕೋಣೆ, ನಡುವೆ ಸ್ಟೀಲಿನ ಮೇಜು, ಮೇಜಿನ ಮೇಲೆ ಕಂದು ಕಾಗದ ಹಾಸಿ ಅದರ ಮೇಲೆ ಬಟ್ಟೆ. ಮೂಳೆ ಅಲ್ಲಿ ಇರಲಿಲ್ಲ. ಆಫೀಸರು ಒಬ್ಬ ಹೆಂಗಸು, ಮೆದು ಮಾತಿನವರು. "ಅವಸರ ಇಲ್ಲ ಅಮ್ಮ. ಕೈಗವಸು ಹಾಕಿಕೊಂಡು ಮುಟ್ಟಿ ನೋಡಬಹುದು. ನಿಮಗೆ ಏನಾದ್ರೂ ಗುರುತು ಸಿಕ್ಕಿದ್ರೆ ಮಾತ್ರ ನಾವು ಮುಂದಿನ ಪರೀಕ್ಷೆಗೆ ಕಳಿಸ್ತೀವಿ," ಅಂದರು.

ಗಂಡ ಬಾಗಿಲಿನ ಹತ್ತಿರವೇ ನಿಂತ. ಒಂದು ಹೆಜ್ಜೆ ಇಟ್ಟು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. "ನೀನೇ ನೋಡು," ಅಂದ.

ಅವಳು ನೋಡಿದಳು. ಸ್ಕರ್ಟಿನಲ್ಲಿ ಉಳಿದಿದ್ದದ್ದು ಸೊಂಟದ ಪಟ್ಟಿ, ಅದರ ಕೆಳಗೆ ಒಂದು ಗೇಣು ಬಟ್ಟೆ. ಕಂದೋ ಕಪ್ಪೋ ಹೇಳುವ ಹಾಗಿರಲಿಲ್ಲ. ಆ ಬಣ್ಣದ ಸ್ಕರ್ಟು ಹಾಕುವ ಹುಡುಗಿಯರು ಊರಲ್ಲಿ ಎಷ್ಟಿಲ್ಲ, ಹೋಟೆಲಿನಲ್ಲಿ, ಬ್ಯಾಂಕಿನಲ್ಲಿ, ಅಂಗಡಿಗಳಲ್ಲಿ. ಅವಳು ಪಟ್ಟಿಯನ್ನು ಮಗುಚಿದಳು. ಒಳಗಡೆ ಒಂದು ಪುಟ್ಟ ಜೇಬು ಕೆಸರು ಕಚ್ಚಿಕೊಂಡು ಗಟ್ಟಿಯಾಗಿತ್ತು.

ಹೊಲಿಗೆಯೊಳಗೆ ಮಡಚಿದ ಬಟ್ಟೆಯಲ್ಲಿ ಬಣ್ಣ ಎಲ್ಲಕ್ಕಿಂತ ಕೊನೆಗೆ ಸಾಯುತ್ತದೆ. ಹಳೆಯ ಬಟ್ಟೆಗೆ ಹೊಂದುವ ದಾರ ಹುಡುಕುವಾಗ ಅವಳು ಯಾವಾಗಲೂ ನೋಡುತ್ತಿದ್ದದ್ದು ಅಲ್ಲೇ. ಕೈ ತನ್ನಷ್ಟಕ್ಕೆ ಆ ಮಡಿಕೆಯನ್ನು ಬಿಡಿಸಿತು. ಒಳಗೆ ಹಸಿರು. ಅದರ ಮೇಲೆ ಒಂದು ಬಿಳಿ ಚುಕ್ಕೆ, ಇನ್ನೊಂದರ ಅರ್ಧ. ಜೇಬಿನ ಮೂಲೆಯಲ್ಲಿ ಹೊಲಿಗೆ ಮುಗಿದ ಕಡೆ ದಾರ ಬೇರೆಯಾಗಿತ್ತು. ಅವತ್ತು ಹಸಿರು ದಾರ ಸಾಲದೆ ಕೊನೆಯ ಬೆರಳಗಲವನ್ನು ನೀಲಿ ದಾರದಲ್ಲಿ ಮುಗಿಸಿದ್ದಳು. "ಒಳಗಡೆ ಯಾರು ನೋಡ್ತಾರಮ್ಮ, ಬಿಡು," ಅಂದಿದ್ದಳು ರೀಲು.

ಅವಳು ಮಡಿಕೆಯನ್ನು ಇದ್ದ ಹಾಗೆ ಮುಚ್ಚಿದಳು.

"ಏನಾದ್ರೂ ಗುರುತು ಸಿಕ್ತಾ ಅಮ್ಮ?"

"ಇಲ್ಲ."

"ಈ ಒಳಜೇಬು..."

"ನಾನು ದರ್ಜಿ ಮೇಡಂ. ನನ್ನ ಹೊಲಿಗೆ ನನಗೆ ಗೊತ್ತಾಗಲ್ವಾ? ಇದು ನನ್ನ ಕೈಯಲ್ಲಿ ಆದದ್ದಲ್ಲ."

ಹೀಗೆ ಹೇಳಬೇಕು ಅಂತ ಅವಳು ಯೋಚಿಸಿ ಹೋದವಳಲ್ಲ. ಮಾತು ಬಾಯಿಂದ ಹೊರಟಮೇಲೆ ಅದು ತನ್ನದು ಅಂತ ತಿಳಿಯಿತು. ಹೌದು ಅಂದರೆ ಮುಗಿಯಿತು, ಆಮೇಲೆ ಹುಡುಕುವುದಕ್ಕೆ ಯಾರೂ ಇರುವುದಿಲ್ಲ. ಇಲ್ಲ ಅಂದರೆ ನಾಳೆಯೂ ಒಂದು ದಿನ ಇರುತ್ತದೆ. ಅಷ್ಟೇ ಹೊಳೆದದ್ದು ಅವಳಿಗೆ. ಆಫೀಸರು ತಲೆಯಾಡಿಸಿ ಕಾಗದ ಮುಚ್ಚಿದರು.

ಹೊರಗೆ ಬಂದಮೇಲೆ ಗಂಡ ಮೆಟ್ಟಿಲಿನ ಮೇಲೆ ಕೂತು ಅತ್ತ. ಅಷ್ಟು ದಿನದಲ್ಲಿ ಅವನು ಅತ್ತದ್ದನ್ನು ಅವಳು ನೋಡಿರಲಿಲ್ಲ. "ನನ್ನ ಜೀವ ಬಾಯಿಗೆ ಬಂದಿತ್ತು ಕಣೆ," ಅಂದ. ಆಮೇಲೆ ಕಣ್ಣೊರೆಸಿಕೊಂಡು, ಹಸಿವಾಗ್ತಿದೆ ಅಂತ ನಕ್ಕ. ದಾರಿಯಲ್ಲಿ ಬಿಸಿ ಬ್ರೆಡ್ಡು ಕೊಂಡ, ಅಮ್ಮನಿಗೆ ಇಷ್ಟ ಅಂತ ಬೆಣ್ಣೆಯನ್ನೂ ಕೊಂಡ. ಅವಳು ಅವನ ಪಕ್ಕದಲ್ಲಿ ನಡೆದಳು. ಕೈಗವಸಿನ ಪುಡಿ ಬೆರಳ ಸಂದಿಯಲ್ಲಿ ಉಳಿದಿತ್ತು, ಅದನ್ನು ಒರೆಸುತ್ತ ಒರೆಸುತ್ತ ನಡೆದಳು.

ಮನೆಗೆ ಬಂದವನೇ ಅವನು ಹಿಂದಿನ ಕೋಣೆಗೆ ನುಗ್ಗಿದ. "ಅಮ್ಮ, ಅವಳಲ್ಲ. ಅದು ನಮ್ಮ ರೀಲು ಅಲ್ಲ. ಇವಳೇ ಕೈಯಾರೆ ಮುಟ್ಟಿ ನೋಡಿದಾಳೆ."

ಅತ್ತೆ ಎದ್ದು ಕೂತರು. ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಎಷ್ಟೋ ತಿಂಗಳಾದ ಮೇಲೆ ಸೊಸೆಯನ್ನು ನೇರ ಮಾತಾಡಿಸಿದರು. "ನಿಜವಾ?"

"ನಿಜ ಅತ್ತೆ."

"ನಿನ್ನ ಕಣ್ಣು ತಪ್ಪಲ್ಲ. ಹೊಲಿಗೆ ವಿಷಯದಲ್ಲಿ ನಿನ್ನ ಕಣ್ಣು ತಪ್ಪಲ್ಲ. ಹಾಗಾದ್ರೆ ಎಲ್ಲೋ ಇದಾಳೆ. ಇದ್ದವಳ ಬಟ್ಟೆಗೆ ನಾನು ಕತ್ತರಿ ಹಾಕಿದೆ. ನೀನು ಅವತ್ತು ಅಂದದ್ದು ಸರಿ. ನಾನು ಮುದಿಗೊಡ್ಡು, ನನಗೆ ಬುದ್ಧಿ ಇಲ್ಲ." ಸೊಸೆಯ ಎರಡೂ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡರು. ಬಿಡಿಸಿಕೊಳ್ಳುವುದಕ್ಕೆ ಅವಳಿಗೆ ಆಗಲಿಲ್ಲ. ಆ ಕೈಗಳು ಯಾವುದನ್ನು ಮುಟ್ಟಿ ಬಂದಿವೆ ಅಂತ ಅವಳೊಬ್ಬಳಿಗೆ ಗೊತ್ತು.

ಮಾರನೆಯ ಬೆಳಿಗ್ಗೆಯೇ ಅತ್ತೆ ದಿಂಬಿನ ಚೀಲ ತೆಗೆದು ಚೌಕಗಳನ್ನು ಬಿಚ್ಚುವುದಕ್ಕೆ ಕೂತರು. ತಾವೇ ಒತ್ತೊತ್ತಾಗಿ ಹಾಕಿದ ಹೊಲಿಗೆ, ಈಗ ಕಣ್ಣಿಗೆ ಕಾಣದು. ಬ್ಲೇಡು ಜಾರಿ ಬೆರಳು ಕೊಯ್ದುಕೊಂಡರು. ರಕ್ತ ತಾಗಿದರೆ ಬಟ್ಟೆ ಕೆಡುತ್ತದೆ ಅಂತ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಬಿಚ್ಚಿದರು. ಹಸಿರು ತ್ರಿಕೋನಗಳನ್ನೆಲ್ಲ ಬೇರೆ ಮಾಡಿ, ನೀರು ಚಿಮುಕಿಸಿ ಕೈಯಿಂದ ಉಜ್ಜಿ ನೇರ ಮಾಡಿ, ಸೊಸೆಯ ಮುಂದೆ ಇಟ್ಟರು.

"ಇದನ್ನ ಮತ್ತೆ ಅಂಗಿ ಮಾಡು."

"ಆಗಲ್ಲ ಅತ್ತೆ."

"ಯಾಕಾಗಲ್ಲ? ಒಂದು ಚೂರೂ ಕಳೆದಿಲ್ಲ. ಎಲ್ಲ ಇಲ್ಲೇ ಇದೆ. ನಿನ್ನ ಕೈಲಿ ಆಗದಿದ್ದರೆ ಇನ್ಯಾರ ಕೈಲಿ ಆಗುತ್ತೆ?"

ಗಂಡನೂ ಹೇಳಿದ, ಮಾಡಿಕೊಡು, ಮುದುಕಿಗೆ ಸಮಾಧಾನವಾದರೂ ಆಗಲಿ. ಅವಳು ಮಾಡಲು ಕೂತಳು. ಬೇರೇನು ಹೇಳಲಿ? ನೆಲದ ಮೇಲೆ ಹಳೆಯ ಪೇಪರು ಹಾಸಿ ಅಂಗಿಯ ಆಕಾರ ಬರೆದು, ಚುಕ್ಕೆಯ ಸಾಲು ನೋಡಿಕೊಂಡು, ಯಾವ ಚೂರಿನ ಪಕ್ಕ ಯಾವುದಿತ್ತು ಅಂತ ಹುಡುಕಿ ಹುಡುಕಿ ಜೋಡಿಸಿದಳು. ಕಾಜಾ ಇದ್ದ ಪಟ್ಟಿ, ಕುತ್ತಿಗೆಯ ದುಂಡು, ಎಡ ಕಂಕುಳಲ್ಲಿ ಬೆವರಿಗೆ ಮಾಸಿದ ಜಾಗ. ಅಂಗಡಿಯಿಂದ ಬಂದು ದಿನಾ ಸಂಜೆ ಅದೇ ಕೆಲಸ. ಸತ್ತವರ ಬಟ್ಟೆ ಹೊಲಿಯುತ್ತಿದ್ದೇನೆ ಅಂತ ಅವಳ ಒಳಗೆ ಒಂದು ಮಾತು ಸುತ್ತುತ್ತಿತ್ತು. ಅತ್ತೆ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಲು ಹೆಣಗುತ್ತ, ಆಗದೆ ಸೊಸೆಯ ಕೈಗೇ ಕೊಡುತ್ತ, ರೀಲುವಿನ ಹಳೆಯ ಸುಳ್ಳುಗಳನ್ನೆಲ್ಲ ಹೇಳಿಕೊಂಡು ನಗುತ್ತಿದ್ದರು. ಆ ಮನೆಯಲ್ಲಿ ಅಷ್ಟು ನಗು ಕೇಳಿ ಎಷ್ಟೋ ಕಾಲವಾಗಿತ್ತು. ಗಂಡನೂ ಬಂದು ಕೂರುತ್ತಿದ್ದ. "ಬರಲಿ, ಎಲ್ಲಿಗೆ ಹೋಗಿದ್ದೆ ಅಂದರೆ ಎಂಥ ರೀಲು ಬಿಡ್ತಾಳೋ ನೋಡಬೇಕು," ಅನ್ನುತ್ತಿದ್ದ. ಅವಳೂ ತುಟಿ ಅಗಲಿಸುತ್ತಿದ್ದಳು. ಸೂಜಿಯನ್ನು ಬೇಕೆಂದೇ ಬೆರಳ ತುದಿಗೆ ಒತ್ತಿಕೊಳ್ಳುತ್ತಿದ್ದಳು, ಆ ನೋವಿಗಾದರೂ ಬಾಯಿ ಬಿಗಿದಿರಲಿ ಅಂತ.

ಅಂಗಿ ಮುಗಿಯಿತು. ಎತ್ತಿ ಹಿಡಿದಳು. ಅದು ಚಿಕ್ಕದಾಗಿತ್ತು.

ಆಗದೆ ಇರುತ್ತದೆಯೇ? ಎರಡು ಚೂರು ಸೇರಿಸುವ ಪ್ರತಿ ಕಡೆಯೂ ಹೊಲಿಗೆ ಎರಡೂ ಪಕ್ಕದಿಂದ ಒಂದಿಷ್ಟು ಬಟ್ಟೆ ಒಳಕ್ಕೆ ತೆಗೆದುಕೊಳ್ಳುತ್ತದೆ. ಚೂರು ಹೆಚ್ಚಾದಷ್ಟೂ ಬಟ್ಟೆ ಕಡಿಮೆ. ಭುಜ ಎರಡು ಬೆರಳು ಒಳಗೆ ಬಂದಿತ್ತು, ಎದೆ ಬಿಗಿಯಾಗಿತ್ತು. ಮೊಳಕಾಲು ಮುಟ್ಟುತ್ತಿದ್ದದ್ದು ಈಗ ತೊಡೆಗೇ ನಿಲ್ಲುವ ಹಾಗಿತ್ತು. ಹನ್ನೆರಡು ಹದಿಮೂರರ ಹುಡುಗಿಗೆ ಆದೀತು. ಇದು ಅವಳಿಗೆ ಮೊದಲ ಚೂರು ಸೇರಿಸುವಾಗಲೇ ಗೊತ್ತಿತ್ತು.

ಅತ್ತೆ ಅದನ್ನು ತೆಗೆದುಕೊಂಡು ಸವರಿದರು, ತಿರುಗಿಸಿ ಮುರುಗಿಸಿ ನೋಡಿದರು. ಹೊಲಿಗೆ ಬಟ್ಟೆ ತಿನ್ನುತ್ತೆ ಅನ್ನುವುದನ್ನು ಸೊಸೆಗೆ ಹೇಳಿಕೊಟ್ಟವರೇ ಅವರು. ಆದರೂ ಅಂದರು, "ಆಗುತ್ತೆ ಬಿಡು. ಇಷ್ಟು ವರ್ಷ ಎಲ್ಲೆಲ್ಲಿ ಏನು ತಿಂದಳೋ ಏನೋ. ಅವಳೂ ಸೊರಗಿರ್ತಾಳೆ."

ಸೊಸೆ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಬಕೆಟ್ಟು ತುಂಬಿ ಹರಿಯುವ ತನಕ ನಿಂತಿದ್ದಳು.

ಆ ಚಳಿಗಾಲವೆಲ್ಲ ಅತ್ತೆ ಮುಂದಿನ ಕೋಣೆಯ ಕಿಟಕಿ ಬಿಟ್ಟು ಏಳಲಿಲ್ಲ. ಬೀದಿ ಕಾಣುವ ಹಾಗೆ ಕುರ್ಚಿ ಹಾಕಿಸಿಕೊಂಡರು. ಗಾಜಿನ ಸಂದಿಯಿಂದ ಶೀತ ಬರುತ್ತೆ, ಒಳಗೆ ಬನ್ನಿ ಅಂದರೆ ಕೇಳುವುದಿಲ್ಲ. "ಬಂದವಳು ಮೇಲೆ ನೋಡ್ತಾಳೆ. ಕಿಟಕಿಯಲ್ಲಿ ಯಾರಾದ್ರೂ ಇರಬೇಕು," ಅನ್ನುತ್ತಿದ್ದರು. ಮೊದಲು ಕೆಮ್ಮು ಬಂತು, ಆಮೇಲೆ ಜ್ವರ, ಆಮೇಲೆ ಉಸಿರಿಗೆ ಕಷ್ಟ. ಡಾಕ್ಟರು ಆಸ್ಪತ್ರೆಗೆ ಸೇರಿಸಿ ಅಂದರೂ ಮುದುಕಿ ಒಪ್ಪಲಿಲ್ಲ, ತಾನಿಲ್ಲದಾಗ ಅವಳು ಬಂದುಬಿಟ್ಟರೆ ಅಂತ.

ಸೊಸೆಗೆ ಎಷ್ಟೋ ಸಲ ಬಾಯಿತನಕ ಬಂತು. ಹೇಳಿಬಿಟ್ಟರೆ ಕಿಟಕಿ ಬಿಟ್ಟು ಏಳುತ್ತಾರೆ. ಆದರೆ ಎದ್ದು ಎಲ್ಲಿಗೆ ಹೋಗುತ್ತಾರೆ? ಕೊನೆಗೆ ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಚಮಚ ಕೆಳಗಿಟ್ಟು, "ಅತ್ತೆ, ನಿಮಗೆ ಒಂದು ಮಾತು ಹೇಳಬೇಕು," ಅಂದಳು.

"ಗೊತ್ತು," ಅಂದರು ಅತ್ತೆ. "ನೀನು ನನ್ನನ್ನ ಕ್ಷಮಿಸಿದೀಯ. ಅದನ್ನ ಬಾಯಿಬಿಟ್ಟು ಹೇಳಬೇಕಾಗಿಲ್ಲ." ಅಷ್ಟು ಹೇಳಿ, ಗಂಜಿ ಸಾಕು ಅಂತ ಕೈಯಾಡಿಸಿ, ಮತ್ತೆ ಬೀದಿಯ ಕಡೆ ತಿರುಗಿದರು. ಆಮೇಲೆ ಒಂದು ವಾರವೂ ಉಳಿಯಲಿಲ್ಲ. ಕುರ್ಚಿಯಲ್ಲೇ ಹೋದರು, ಬೆಳಗಿನ ಹೊತ್ತು, ಬೀದಿಯಲ್ಲಿ ಹಾಲಿನವನು ಗಂಟೆ ಬಾರಿಸುತ್ತಿದ್ದಾಗ.

ಮಣ್ಣು ಮಾಡಿ ಬಂದಮೇಲೆ ನೆಂಟರಿಷ್ಟರು ಒಬ್ಬೊಬ್ಬರೇ ಹೊರಟುಹೋದರು. ಗಂಡ ಅಡಿಗೆಮನೆಯಲ್ಲಿ ಕೂತು ಪಾತ್ರೆ ಒರೆಸುತ್ತಿದ್ದ. ಅವಳು ಅವನ ಮುಂದೆ ನಿಂತು ಎಲ್ಲ ಹೇಳಿದಳು. ಒಳಜೇಬು, ಮಡಿಕೆಯೊಳಗಿನ ಹಸಿರು, ನೀಲಿ ದಾರ. ಹೇಳಿ ಮುಗಿಸುವ ತನಕ ಅವನು ಒಂದೇ ತಟ್ಟೆಯನ್ನು ಒರೆಸುತ್ತ ಕೂತಿದ್ದ.

"ನೀನು ಅಲ್ಲ ಅಂದೆ."

"ಅಂದೆ."

"ಆಫೀಸರು ಕೇಳಿದ್ರು, ನನ್ನ ಹೊಲಿಗೆ ನನಗೆ ಗೊತ್ತಾಗಲ್ವಾ ಅಂದೆ. ನಾನು ಅಲ್ಲೇ ನಿಂತಿದ್ದೆ."

"ಬಾಯಿಂದ ಬಂದುಬಿಡ್ತು ರೀ. ಆಮೇಲೆ ನೀವು ನಗ್ತಾ ಇದ್ರಿ, ಅತ್ತೆ ನಗ್ತಾ ಇದ್ರು. ಹೇಗೆ ಹೇಳ್ಲಿ?"

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶರ್ಟು ಹಾಕಿಕೊಂಡು, "ನಡಿ," ಅಂದ.

ಸ್ಟೇಷನ್ನಿನಲ್ಲಿ ಆ ಹೆಂಗಸು ಆಫೀಸರು ವರ್ಗವಾಗಿ ಹೋಗಿದ್ದರು. ಅವರ ಜಾಗದಲ್ಲಿದ್ದವನು ಹಳೆಯ ಕಾಗದ ತೆಗೆಸಿ ಓದಿದ. ಗುರುತು ಹಿಡಿಯುವವರು ಯಾರೂ ಬರದ್ದರಿಂದ ಕಲ್ಲುಗಣಿಯ ಮೂಳೆಗಳನ್ನು ನಗರಸಭೆಗೆ ಒಪ್ಪಿಸಿ ಆಗಿತ್ತು. ಅನಾಥ ಹೆಣಗಳ ಜೊತೆ ಒಂದೇ ಕಡೆ ಹೂಳಿದ್ದರು, ಮೇಲೆ ಇನ್ನೂ ಎಷ್ಟೋ ಹೂಳಿದ್ದರು. ಬಟ್ಟೆಯನ್ನು ಹಾಳಾಗಿದೆ ಅಂತ ಸುಟ್ಟಿದ್ದರು. ಪರೀಕ್ಷೆಗೆ ಕಳಿಸಿರಲಿಲ್ಲ.

"ಆಗ ಅಲ್ಲ ಅಂತ ಸಹಿ ಹಾಕಿದೀರಿ. ಈಗ ಹೌದು ಅಂತೀರಿ," ಅಂದ ಹೊಸ ಆಫೀಸರು. ಒರಟಾಗಿಯೇನೂ ಹೇಳಲಿಲ್ಲ. "ಯಾವುದನ್ನ ನಂಬಲಿ ಹೇಳಿ. ಮನೆಯಲ್ಲಿ ಸಾವಾಗಿದೆ ಅಂತೀರಿ. ದುಃಖದಲ್ಲಿ ಮನುಷ್ಯನಿಗೆ ಏನೇನೋ ನೆನಪಾಗುತ್ತೆ. ಅಗೆಸಬೇಕು ಅಂದ್ರೆ ಕೋರ್ಟಿಗೆ ಹೋಗಬೇಕು, ಕೋರ್ಟು ಸಾಕ್ಷಿ ಕೇಳುತ್ತೆ. ಸಾಕ್ಷಿ ಎಲ್ಲಿದೆ?"

ಅವಳ ಹತ್ತಿರ ಏನೂ ಇರಲಿಲ್ಲ. ಇದ್ದ ಒಂದನ್ನು ಅವಳೇ ಮಡಚಿ ಮುಚ್ಚಿ ಬಂದಿದ್ದಳು.

ವಾಪಸ್ಸು ಬರುವಾಗ ಗಂಡ ಮನೆ ಹತ್ತಿರ ನಿಂತು, ಅವಳ ಹೆಗಲ ಮೇಲೆ ಕೈ ಇಟ್ಟ. "ನೀನು ಅವತ್ತು ಹೇಳಿದ್ದೇ ಸರಿ," ಅಂದ.

"ಏನಂದ್ರಿ?"

"ಅವತ್ತು ನೀನು ಬಟ್ಟೆ ಮುಂದಿಟ್ಟುಕೊಂಡು ನೋಡಿ ಹೇಳಿದ್ದು. ಇವತ್ತು ಅಮ್ಮ ಹೋದ ದುಃಖದಲ್ಲಿ ಹೇಳ್ತಾ ಇದೀಯ. ಕಂಡ ಕಂಡ ಅಂಗಡಿಯಲ್ಲೂ ಹಸಿರು ಬಟ್ಟೆ ಸಿಗುತ್ತೆ. ಆಫೀಸರು ಹೇಳಿದ್ದು ಕೇಳಲಿಲ್ವಾ, ದುಃಖದಲ್ಲಿ ಏನೇನೋ ನೆನಪಾಗುತ್ತೆ."

"ರೀ, ನೀಲಿ ದಾರ—"

"ನಿದ್ದೆ ಮಾಡಿ ಎಷ್ಟು ದಿನ ಆಯ್ತು ನೀನು? ಒಳಗೆ ನಡಿ."

ಅವಳು ಮತ್ತೆ ಹೇಳಿದಳು, ಮರುದಿನ, ಮರುವಾರ. ದೇವರ ಮೇಲೆ ಆಣೆ ಇಟ್ಟು ಹೇಳಿದಳು. ಅವನು ಕಾಯಿಲೆಯವರ ಮಾತು ಕೇಳುವ ಹಾಗೆ ತಾಳ್ಮೆಯಿಂದ ಕೇಳುತ್ತಿದ್ದ, ಹೂಂ ಅನ್ನುತ್ತಿದ್ದ, ಚಹಾ ಮಾಡಿಕೊಡುತ್ತಿದ್ದ. ಅವಳ ಒಂದು ಸುಳ್ಳನ್ನು ಅವನು ಬದುಕುವುದಕ್ಕೆ ಹಿಡಿದುಕೊಂಡಾಗಿತ್ತು, ಅದನ್ನು ಬಿಡಿಸಿಕೊಳ್ಳುವ ಶಕ್ತಿ ನಿಜಕ್ಕೆ ಇರಲಿಲ್ಲ. ಕೊನೆಗೆ ಅವಳು ಹೇಳುವುದನ್ನು ಬಿಟ್ಟಳು.

ಅನಾಥರನ್ನು ಹೂಳುವ ಜಾಗಕ್ಕೆ ಒಬ್ಬಳೇ ಒಂದು ಸಲ ಹೋಗಿ ಬಂದಳು. ತಂತಿ ಬೇಲಿಯೊಳಗೆ ಒಂದು ಮಣ್ಣಿನ ಬಯಲು, ಮೇಲೆ ಬಿಸಿಲಿಗೆ ಒಣಗಿದ ಹುಲ್ಲು. ಕಾವಲಿನವನನ್ನು ಎಲ್ಲಿ ಅಂತ ಕೇಳಿದರೆ ಅವನು ಇಲ್ಲಿಂದ ಅಲ್ಲಿಯವರೆಗೆ ಅಂತ ಕೈ ಬೀಸಿದ. ಎಲ್ಲಿ ಕೂರಬೇಕು ಅಂತ ತಿಳಿಯದೆ ನಿಂತೇ ಇದ್ದು ಬಂದಳು.

ಬೇಸಿಗೆಯಲ್ಲಿ ಬೇರೆ ರೂಟಿನ ಡ್ರೈವರ್ ಒಬ್ಬ ಗಂಡನಿಗೆ ಒಂದು ಸುದ್ದಿ ಹೇಳಿದ. ಅರ್ಧ ದಿನದ ದಾರಿಯ ಒಂದು ಊರಿನಲ್ಲಿ, ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ನೀವು ಎಲ್ಲರಿಗೂ ತೋರಿಸ್ತಿದ್ದ ಫೋಟೋದ ಹುಡುಗಿಯ ಹಾಗೇ ಇದ್ದಾಳೆ ಅಂತ. ಗಂಡ ಆ ಸಂಜೆ ರಜೆ ಬರೆದುಕೊಟ್ಟು ಬಂದ. ಚೀಲ ತುಂಬಿಕೊಳ್ಳುತ್ತ, "ನೀನೂ ಬರ್ತೀಯಾ?" ಅಂದ.

ಅವಳು ಅವನ ಮುಖ ನೋಡಿದಳು. ಕ್ಷೌರ ಮಾಡಿಸಿಕೊಂಡು ಬಂದಿದ್ದ.

"ಬರ್ತೀನಿ," ಅಂದಳು. ಆ ಹುಡುಗಿ ತಿರುಗಿದಾಗ ಅವನ ಪಕ್ಕದಲ್ಲಿ ಯಾರಾದರೂ ಇರಬೇಕಾಗಿತ್ತು.

ಬೆಳಿಗ್ಗೆ ಹೊರಟರು. ಕ್ಯಾಂಟೀನಿನಲ್ಲಿ ಜನ ತುಂಬಿತ್ತು. ಹುಡುಗಿ ಅವರಿಗೆ ಬೆನ್ನು ಮಾಡಿಕೊಂಡು ಲೋಟ ತೊಳೆಯುತ್ತಿದ್ದಳು. ಬಾಗಿಲಿನಲ್ಲೇ ತಾಯಿಗೆ ತಿಳಿಯಿತು, ಆ ಭುಜ ರೀಲುವಿನದಕ್ಕಿಂತ ಒಂದಿಂಚು ಅಗಲ. ಗಂಡನಿಗೆ ಏನೂ ಹೇಳಲಿಲ್ಲ. ಅವನು ನಿಧಾನವಾಗಿ 'ಮಗಳೇ' ಅಂದ. ಆ ಗದ್ದಲದಲ್ಲಿ ಹುಡುಗಿಗೆ ಕೇಳಿಸಲಿಲ್ಲ. ಅವನು ಒಂದು ಬೆಂಚಿನ ಮೇಲೆ ಕೂತ, ಹೆಂಡತಿಗೂ ಜಾಗ ಮಾಡಿದ.

"ಅವಸರ ಏನಿದೆ," ಅಂದ. "ಅವಳ ಕೆಲಸ ಮುಗಿಯಲಿ."